ಸಂಪಾದಕರ ಉತ್ತರ: ‘ಅಭ್ಯಂತರವಿಲ್ಲ’ ಎಂದು ಬರೆಯುವ ಮೊದಲು

ಕಾರವಾರದವರಾದ, ಈಗ ಬೆಂಗಳೂರಿನ ಸರ್ಕಾರಿ ಇಲಾಖೆಯೊಂದರಲ್ಲಿ ಕಾನೂನು ಮತ್ತು ನಿಯಮಗಳ ಪರಿಶೀಲನಾ ಶಾಖೆಯ ಮೇಲ್ವಿಚಾರಣೆ ನೋಡಿಕೊಳ್ಳುತ್ತಿರುವ ಓದುಗರೊಬ್ಬರು, ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಹೀಗಿದೆ. ಕರಡು ನಿಯಮ, ಅಧಿಸೂಚನೆ, ಸುತ್ತೋಲೆಗಳು ಅವರ ಶಾಖೆಗೆ ಬರುತ್ತವೆ. ಬಹುಪಾಲು ಕಡತಗಳ ಮೇಲೆ ‘ತುರ್ತು’ ಎಂದಿರುತ್ತದೆ. ಮೂಲ ಅಧಿನಿಯಮ ಕೊಟ್ಟ ಅಧಿಕಾರದ ಒಳಗೆ ಕರಡು ಇದೆಯೇ ಎಂಬುದಷ್ಟನ್ನೇ ನೋಡಬೇಕು, ಅದು ಊರಿನಲ್ಲಿ ಹೇಗೆ ನಡೆದೀತು ಎಂಬುದು ನಿಮ್ಮ ಕೆಲಸವಲ್ಲ ಎಂದು ಹಿರಿಯ ಅಧಿಕಾರಿ ಹೇಳುತ್ತಾರೆ. ಕೈಕೆಳಗಿನ ಕಿರಿಯರಿಗೂ ಅದೇ ಅಭ್ಯಾಸವಾಗಿದೆ. ‘ಕೇವಲ ಮೇಲ್ವಿಚಾರಕಿಯಾದ ನಾನು ಎಲ್ಲಿಯವರೆಗೆ ಪ್ರಶ್ನೆ ಕೇಳಬಹುದು?’ ಎಂಬುದು ಅವರ ಪ್ರಶ್ನೆ. ತಮ್ಮ ಇಲಾಖೆ ಈಗಾಗಲೇ ರಾಜ್ಯಪತ್ರದಲ್ಲಿ ಪ್ರಕಟಿಸಿರುವ ಕರಡೊಂದರ ಪ್ರತಿಯನ್ನೂ ಲಕೋಟೆಯಲ್ಲಿ ಇಟ್ಟಿದ್ದಾರೆ.

ಮಾನ್ಯರೇ,

ತಮ್ಮ ಪತ್ರದಲ್ಲಿ ನನಗೆ ಹಿಡಿಸದ ಒಂದೇ ಒಂದು ಪದವಿದೆ, ಅದು ‘ಕೇವಲ’. ಅದರ ಜಗಳವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ತಮ್ಮ ಹಿರಿಯ ಅಧಿಕಾರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡೋಣ. ಕಾನೂನು ಶಾಖೆ ತಾನೇ ನೀತಿ ರೂಪಿಸಲು ಹೊರಟರೆ ಅದು ಜನ ಆರಿಸಿದವರ ಕೆಲಸವನ್ನು ಕಿತ್ತುಕೊಂಡಂತೆ ಎಂಬ ಮಾತು ಸರಿಯಾದದ್ದು. ತಡವೂ ಪುಕ್ಕಟೆಯಲ್ಲ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ ಇರುತ್ತದೆ. ಅದರ ಆದೇಶವನ್ನು ಪರಿಶೀಲಿಸುತ್ತ ಜುಲೈ ತಿಂಗಳು ಬಂದರೆ ಅಂಥ ಪರಿಶೀಲನೆಯಿಂದ ಮೀನಿಗೂ ಉಪಯೋಗವಿಲ್ಲ, ಮೀನುಗಾರನಿಗೂ ಇಲ್ಲ. ಇಷ್ಟನ್ನು ಒಪ್ಪಿಕೊಂಡಾಯಿತು.

ಆದರೆ ‘ಅಧಿಕಾರದ ಒಳಗಿದೆ’ ಎನ್ನುವುದು ಪರಿಶೀಲನೆಯ ಮೊದಲ ಮೆಟ್ಟಿಲು ಮಾತ್ರ. ನಿಯಮವೊಂದು ಕಾನೂನಿನ ಒಳಗೇ ಇದ್ದು, ಅದನ್ನು ಪಾಲಿಸಬೇಕಾದವನಿಗೆ ಏನು ಹೇಳುತ್ತಿದೆ ಎಂಬುದೇ ತಿಳಿಯದಂತೆ ಇರಬಹುದಲ್ಲ? ಈ ಮಾತಿಗೆ ಉದಾಹರಣೆ ಹುಡುಕಲು ನಾನು ದೂರ ಹೋಗಬೇಕಾಗಿಲ್ಲ, ಕುಮಟೆಯ ಘಟ್ಟ ಇಳಿದರೆ ಸಾಕು.

ಅಘನಾಶಿನಿಯ ಅಳಿವೆಯ ಗಜನಿ ಭೂಮಿಯನ್ನು, ಅಂದರೆ ಉಬ್ಬರದ ಉಪ್ಪುನೀರು ಏರಿಬರುವ ತಗ್ಗು ಗದ್ದೆಗಳನ್ನು, ತಾವು ಕಂಡವರೇ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಿನ ನಂತರ ಉಬ್ಬರದ ನೀರಿನೊಂದಿಗೆ ಒಳಬರುವ ಸಿಗಡಿ, ಮೀನು. ಇವೆರಡರ ನಡುವೆ ನಿಂತಿರುವುದು ಒಂದು ಮಣ್ಣಿನ ಕಟ್ಟು, ಅದಕ್ಕೊಂದು ನೀರು ಬಿಡುವ ಬಾಗಿಲು. 2019ರ ಜನವರಿ 18ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಅನುಬಂಧದಲ್ಲಿ ಇಂಥ ಕಟ್ಟುಗಳಿಗೆ ಸಂಬಂಧಿಸಿದ ಒಂದು ವಾಕ್ಯವಿದೆ. 1991ರ ಫೆಬ್ರವರಿ 19ರಂದು ಈ ವಿಷಯದ ಮೊದಲ ಅಧಿಸೂಚನೆ ಹೊರಬೀಳುವುದಕ್ಕೆ ಮುಂಚೆ ನಿರ್ಮಿಸಿದ ಕಟ್ಟು ಅಥವಾ ಬಾಗಿಲು ಇದ್ದರೆ, ನಿರ್ಬಂಧಗಳನ್ನು ಅಳೆಯುವ ಉಬ್ಬರದ ಗೆರೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಆದರೆ ಉಪ್ಪುನೀರು ನುಗ್ಗಿ ಕಟ್ಟಿನ ಆಚೆ ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ಬೆಳೆದಿದ್ದರೆ ಆ ಜಾಗ ಅತ್ಯಂತ ಬಿಗಿಯಾದ ವರ್ಗಕ್ಕೆ ಸೇರುತ್ತದೆ ಎಂಬುದು ಅದರ ತಾತ್ಪರ್ಯ. ಕಾನೂನಿನ ದೃಷ್ಟಿಯಿಂದ ಈ ವಾಕ್ಯಕ್ಕೆ ಅಭ್ಯಂತರ ಹೇಳುವವರು ಯಾರು? ಆದರೆ ಗಜನಿಯ ಕಟ್ಟು ಒಮ್ಮೆ ನಿರ್ಮಿಸಿ ಮುಗಿಸುವ ವಸ್ತುವಲ್ಲ. ಮಳೆಗಾಲದ ನೆರೆ ಒಂದು ಮಗ್ಗುಲನ್ನು ಕೊಚ್ಚಿಕೊಂಡು ಹೋಗುತ್ತದೆ, ಊರವರು ಮಣ್ಣು ಮೆತ್ತುತ್ತಾರೆ, ಮುರಿದ ಕಡೆ ನಾಲ್ಕು ಮಾರು ಒಳಕ್ಕೆ ಸರಿಸಿ ಕಟ್ಟುತ್ತಾರೆ. ಹೀಗೆ ವರ್ಷವರ್ಷವೂ ಹೊಸದಾಗುತ್ತ ಬಂದ ಕಟ್ಟು 1991ಕ್ಕೆ ಹಿಂದಿನದೋ ಮುಂದಿನದೋ? ಸರಿಸಿ ಕಟ್ಟಿದ ಭಾಗದ ಗತಿಯೇನು? ಎರಡು ವರ್ಷ ಕಟ್ಟು ಒಡೆದು ಬಿದ್ದಿದ್ದರಿಂದ ಒಳಗೆ ಕಾಂಡ್ಲಾ ಹುಟ್ಟಿಕೊಂಡರೆ, ಅಜ್ಜನ ಕಾಲದಿಂದ ಭತ್ತ ಬೆಳೆದ ಗದ್ದೆ ಏನಾಯಿತು? ಕಾಂಡ್ಲಾ ಉಳಿಯಬೇಕು ಎನ್ನುವವರಲ್ಲಿ ನಾನೂ ಒಬ್ಬ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿಗೆ ಸೇರಿದಾಗ ಇದೇ ಪುಟದಲ್ಲಿ ಸಂತೋಷಪಟ್ಟವನು. ನನ್ನ ತಕರಾರು ರಕ್ಷಣೆಯ ಮೇಲಲ್ಲ. ‘ನಿರ್ಮಿಸಿದ’ ಎಂಬ ಒಂದು ಪದದ ಎದುರು ಪೆನ್ಸಿಲ್ಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಬಲ್ಲವರು, ಗಜನಿ ಕಟ್ಟನ್ನು ಕಂಡಿದ್ದ ಪರಿಶೀಲಕರು ಮಾತ್ರ ಎಂಬುದು ನನ್ನ ವಾದ. ಅಂಥ ಪ್ರಶ್ನೆ ನೀತಿಯಲ್ಲಿ ಕೈ ಹಾಕಿದಂತೆ ಹೇಗಾಗುತ್ತದೆ? ಅದು ಓದುವ ಕೆಲಸ.

ನನ್ನ ಚಿಕ್ಕಪ್ಪ ತಾಲೂಕು ಕಚೇರಿಯ ಎದುರಿನ ಮರದ ಕೆಳಗೆ ಕುಳಿತು ಅರ್ಜಿ ಬರೆದುಕೊಡುತ್ತಿದ್ದರು. ಅವರ ಬಳಿ ಒಂದು ತಗಡಿನ ಪೆಟ್ಟಿಗೆಯಿತ್ತು. ಅದರಲ್ಲಿ ಹಳೆಯ ಆದೇಶಗಳು ವರ್ಷದ ಪ್ರಕಾರ ದಾರ ಕಟ್ಟಿಸಿಕೊಂಡು ಕುಳಿತಿದ್ದವು. ಹೊಸ ಸುತ್ತೋಲೆ ಬಂತೆಂದರೆ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಇದು ಯಾವುದನ್ನು ಕೊಂದಿತು?’ ಎಂಬುದಾಗಿತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆ ಪ್ರಶ್ನೆಗೆ ಹೆಚ್ಚಿನ ತೂಕವಿದೆ. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಗಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ನೆಲ ಇದು. ರಾಜ್ಯ ಪುನರ್ವಿಂಗಡಣಾ ಅಧಿನಿಯಮದ 119ನೇ ಪ್ರಕರಣ (ಸೆಕ್ಷನ್), ಹಳೆಯ ಕಾನೂನುಗಳು ಬದಲಾಗುವವರೆಗೆ ಹಳೆಯ ಸೀಮೆಯಲ್ಲೇ ನಡೆಯಲಿ ಎಂದಿತು. ಹಾಗಾಗಿ ಉಪ್ಪುನೆಲದ ಕಟ್ಟಿಗೆ 1948ರ ಮುಂಬಯಿ ಖಾರ್ ಭೂಮಿ ಅಧಿನಿಯಮ, ಅಡಿಕೆ ತೋಟಿಗರು ಸೊಪ್ಪು ತರುವ ಸೊಪ್ಪಿನ ಬೆಟ್ಟಕ್ಕೆ ಮುಂಬಯಿ ಕಾಲದ ಕಾನಡಾ (ಕೆನರಾ) ಅರಣ್ಯ ಸವಲತ್ತುಗಳು, ಹೀಗೆ ಒಂದರ ಕೆಳಗೊಂದು ಪದರ. ಮೇಲಿನ ಪದರವನ್ನು ಬರೆಯುವವರು ಕೆಳಗಿನದನ್ನು ಎತ್ತಿ ನೋಡದಿದ್ದರೆ ಕಚೇರಿಯ ಕಿಟಕಿಯಲ್ಲಿ ನಿಂತವನು ಎರಡೂ ಪದರಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತಾನೆ. ನನಗೇ ಒಮ್ಮೆ, ಯಾವ ಕಚೇರಿ ಎಂದು ಹೇಳುವುದಿಲ್ಲ, ಹಿಂದೆಯೇ ವಾಪಸಾಗಿದ್ದ ಸುತ್ತೋಲೆಯ ಸಂಖ್ಯೆ ತೋರಿಸಿ ಅರ್ಜಿ ತಿರಸ್ಕರಿಸಲಾಯಿತು. ಅದು ವಾಪಸಾದದ್ದನ್ನು ನಾನೇ ಹೋಗಿ ತಿಳಿಸಿದಾಗ ಗುಮಾಸ್ತರು ಪ್ರಾಮಾಣಿಕವಾಗಿ ಆಶ್ಚರ್ಯಪಟ್ಟರು.

ಪ್ರಕಟಣೆಯ ಮಾತೂ ಇದಕ್ಕೆ ಸೇರಿದ್ದೇ. ತಮ್ಮ ಕಿರಿಯರಿಗೆ 1951ರ ಹರ್ಲಾ ಮೊಕದ್ದಮೆಯ ತೀರ್ಪನ್ನು ಒಮ್ಮೆ ಓದಿಸಿ. ಜೈಪುರ ಸಂಸ್ಥಾನದ ಮಂತ್ರಿಮಂಡಲ 1923ರಲ್ಲಿ ನಿರ್ಣಯ ಮಾಡಿ ಅಫೀಮು ಕಾನೂನು ತಂದಿತ್ತು. ಅದನ್ನು ಎಲ್ಲಿಯೂ ಪ್ರಕಟಿಸಿರಲಿಲ್ಲ. ಅದರಡಿ ಐವತ್ತು ರೂಪಾಯಿ ದಂಡ ತೆತ್ತ ಮನುಷ್ಯ ಸುಪ್ರೀಂ ಕೋರ್ಟಿನವರೆಗೆ ಹೋದ. ಜನರಿಗೆ ತಿಳಿಸದ ಕಾನೂನಿನಿಂದ ಜನರನ್ನು ಶಿಕ್ಷಿಸುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಮಾಡಿತು. ಐವತ್ತು ರೂಪಾಯಿಗೆ ಅಷ್ಟು ದೂರ ನಡೆದ ಆ ಮನುಷ್ಯನ ಮೇಲೆ ನನಗೆ ವಿಶೇಷ ಗೌರವವಿದೆ.

ಇಂಗ್ಲಿಷಿನಲ್ಲಿ ಮಾತ್ರ ಪ್ರಕಟಿಸಿದ್ದನ್ನು ಗೋಕರ್ಣದ ಮೀನುಗಾರ್ತಿಗೆ ತಿಳಿಸಿದಂತಾಯಿತೇ? ಸಂವಿಧಾನದ 348ನೇ ಅನುಚ್ಛೇದದಂತೆ ನಿಯಮಗಳ ಅಧಿಕೃತ ಪಾಠ ಇಂಗ್ಲಿಷಿನದೇ ಎಂದು ತಮ್ಮ ಹಿರಿಯರು ಹೇಳಿಯಾರು; ನಿಜ. ಆದರೆ 2020ರ ಮಾರ್ಚ್ 23ರ ಪರಿಸರ ಪರಿಣಾಮ ಮೌಲ್ಯಮಾಪನದ ಕರಡು ಬಂದಾಗ, ಅದನ್ನು ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಅದೇ ಜೂನ್ 30ರಂದು ಆದೇಶಿಸಬೇಕಾಯಿತು. ನ್ಯಾಯಾಲಯ ಹೇಳುವವರೆಗೆ ಯಾವ ಪರಿಶೀಲನಾ ಶಾಖೆಯ ಮೇಜಿನ ಮೇಲೂ ಈ ಯೋಚನೆ ಹುಟ್ಟಲಿಲ್ಲವೇ ಎಂಬುದು ನನ್ನನ್ನು ಕಾಡುತ್ತದೆ. ಕನ್ನಡ ಕರಡನ್ನು ಇಂಗ್ಲಿಷಿನ ಬಾಲವಾಗಿ, ಎಲ್ಲ ಸಹಿಗಳೂ ಆದಮೇಲೆ ಭಾಷಾಂತರಕ್ಕೆ ಕಳಿಸುವುದರಲ್ಲಿ ದೊಡ್ಡ ನಷ್ಟವಿದೆ. ಕನ್ನಡದಲ್ಲಿ ಬರೆದು ನೋಡಿದಾಗಲೇ ವಾಕ್ಯದ ಟೊಳ್ಳು ಗೊತ್ತಾಗುವುದು. ‘ಸಲ್ಲಿಸತಕ್ಕದ್ದು’ ಎಂದರೆ ಯಾರು ಸಲ್ಲಿಸಬೇಕು, ಎಷ್ಟು ದಿನದೊಳಗೆ, ಸಲ್ಲಿಸದಿದ್ದರೆ ಏನು? ‘ಮಂಜೂರು ಮಾಡಬಹುದು’ ಎಂದರೆ ಅರ್ಹನಿಗೂ ನಿರಾಕರಿಸುವ ಹಕ್ಕು ಅಧಿಕಾರಿಗೆ ಉಂಟೇ?

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅರಣ್ಯ ಹಕ್ಕಿನ ಅರ್ಜಿ ಹಾಕಿದ ಯಾರನ್ನಾದರೂ ಮಾತನಾಡಿಸಿ, ‘ಎಪ್ಪತ್ತೈದು ವರ್ಷದ ದಾಖಲೆ’ ಎಂಬ ಮಾತು ಮೊದಲು ಬರುತ್ತದೆ. 2006ರ ಅರಣ್ಯ ಹಕ್ಕು ಅಧಿನಿಯಮ ‘ಇತರ ಪಾರಂಪರಿಕ ಅರಣ್ಯವಾಸಿ’ಗಳಿಗೆ, ಅಂದರೆ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳಿಗೆ, 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರುಗಳ ವಾಸ ಮತ್ತು ಅವಲಂಬನೆಯನ್ನು ಕೇಳುತ್ತದೆ. ತಲೆಮಾರೊಂದಕ್ಕೆ ಇಪ್ಪತ್ತೈದು ವರ್ಷ. ಅದರ ನಿಯಮಗಳು ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ಎಣಿಸುತ್ತವೆ, ಮತ್ತು 2012ರ ತಿದ್ದುಪಡಿಯಂತೆ ಇಂಥದ್ದೇ ದಾಖಲೆ ಬೇಕೆಂದು ಸಮಿತಿಗಳು ಪಟ್ಟು ಹಿಡಿಯುವಂತಿಲ್ಲ. ಇಷ್ಟು ಸ್ಪಷ್ಟವಾದ ಪಾಠ ಊರಿಗೆ ಇಳಿಯುವಷ್ಟರಲ್ಲಿ ‘1930ರ ಕಾಗದ ತನ್ನಿ’ ಎಂದಾಗುತ್ತದೆ. ನಿಯಮದ ಕೆಳಗಿನ ನಮೂನೆ, ಸೂಚನಾಪತ್ರ, ದೂರವಾಣಿಯಲ್ಲಿ ಕೊಟ್ಟ ಮೌಖಿಕ ವಿವರಣೆ, ಇವುಗಳನ್ನು ಪರಿಶೀಲಿಸುವ ಶಾಖೆ ಎಲ್ಲಿದೆ? ತಮ್ಮಲ್ಲಿಗೆ ಬರುವ ಸುತ್ತೋಲೆಗಳನ್ನು ನಿಯಮಗಳಷ್ಟೇ ಸಂಶಯದಿಂದ ಓದಿ ಎಂದು ನಾನು ಹೇಳುವುದು ಇದಕ್ಕೇ.

ಎಲ್ಲವನ್ನೂ ಬೆಂಗಳೂರಿನ ಮೇಲೆ ಹೊರಿಸಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಪರಿಸರ ಸಂರಕ್ಷಣಾ ನಿಯಮಗಳಡಿ ಕರಡಿನ ಮೇಲೆ ಆಕ್ಷೇಪಣೆ ಸಲ್ಲಿಸಲು ಅರವತ್ತು ದಿನಗಳಿವೆ. ಕೇಂದ್ರದ 2014ರ ಶಾಸನಪೂರ್ವ ಸಮಾಲೋಚನಾ ನೀತಿ ಕನಿಷ್ಠ ಮೂವತ್ತು ದಿನ ಎನ್ನುತ್ತದೆ. ಆ ದಿನಗಳಲ್ಲಿ ನಮ್ಮ ಜಿಲ್ಲೆ ಏನು ಮಾಡುತ್ತಿರುತ್ತದೆ? ಅಡಿಕೆ ಧಾರಣೆ ನೋಡುತ್ತಿರುತ್ತದೆ, ಯಕ್ಷಗಾನದ ವಿಮರ್ಶೆ ಬರೆಯುತ್ತಿರುತ್ತದೆ. ಅಂತಿಮ ಅಧಿಸೂಚನೆ ಬಂದ ಮರುದಿನ ಕಾರವಾರದ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಘೋಷಣೆ. ಈ ಪತ್ರಿಕೆಯೂ ಅದೇ ಪಾಪದ ಪಾಲುದಾರ. ಘೋಷಣೆಯ ಚಿತ್ರ ಮುಖಪುಟಕ್ಕೆ ಬರುತ್ತದೆ, ಕರಡಿನ ಸುದ್ದಿಗೆ ಒಳಪುಟದ ಮೂಲೆಯೂ ಸಿಕ್ಕಿರುವುದಿಲ್ಲ. ಆಕ್ಷೇಪಣೆಯೇ ಬಾರದ ಕರಡಿಗೆ ‘ಯಾವುದೇ ಆಕ್ಷೇಪಣೆ ಸ್ವೀಕೃತವಾಗಿಲ್ಲ’ ಎಂದು ತಾವು ಟಿಪ್ಪಣಿ ಹಾಳೆಯಲ್ಲಿ ಬರೆದರೆ ಅದು ಸತ್ಯವೇ ತಾನೆ.

ಇನ್ನು ‘ಕೇವಲ’ದ ಜಗಳ. ತಮ್ಮ ಮೇಲಿನವರು ಕಡತವನ್ನು ಕಾಣುವುದು ತಮ್ಮ ಟಿಪ್ಪಣಿಯ ಮೂಲಕ, ತಮ್ಮ ಕೆಳಗಿನವರು ಓದುವುದನ್ನು ಕಲಿಯುವುದು ತಾವು ಓದುವುದನ್ನು ನೋಡಿ. ಈ ಎರಡರ ನಡುವೆ ಕುಳಿತವರು ತಮ್ಮನ್ನು ಕೇವಲ ಎಂದುಕೊಂಡರೆ ಶಾಖೆಯಲ್ಲಿ ಉಳಿಯುವುದು ಮೊಹರು ಒಂದೇ. ತಾವು ಮಾಡಬಹುದಾದದ್ದು ಸಣ್ಣದು. ಕಿರಿಯರು ‘ಕಾನೂನು ದೃಷ್ಟಿಯಿಂದ ಅಭ್ಯಂತರವಿಲ್ಲ’ ಎಂದು ಬರೆದು ತಂದಾಗ, ಯಾವ ಪ್ರಕರಣದ ಯಾವ ಅಧಿಕಾರದಡಿ ಇದು ಬಂದಿದೆ, ಹಿಂದಿನ ಯಾವ ಆದೇಶ ಇದರಿಂದ ಸಾಯುತ್ತದೆ ಎಂಬ ಎರಡು ಸಾಲು ಇಲ್ಲದಿದ್ದರೆ ಹಿಂದಿರುಗಿಸಿ. ಆಮೇಲೆ ಕರಡನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿ. ಓದುವವರು ತಡವರಿಸಿದ ಕಡೆ ಗುರುತು ಹಾಕಿ. ಅರ್ಧ ಗಂಟೆಯ ಕೆಲಸ, ‘ತುರ್ತು’ ಕಡತವೂ ಅಷ್ಟನ್ನು ತಡೆಯುತ್ತದೆ. ನೀತಿ ತಪ್ಪು ಎಂದು ಬರೆಯಬೇಡಿ, ‘ಈ ವಾಕ್ಯಕ್ಕೆ ಎರಡು ಅರ್ಥ ಸಾಧ್ಯ, ಇಲಾಖೆಯ ಉದ್ದೇಶ ಯಾವುದು?’ ಎಂದು ಬರೆಯಿರಿ. ಮೇಲಿನವರು ಒಪ್ಪದೆ ಸಹಿ ಮಾಡಿದರೆ ಅದು ಅವರ ಅಧಿಕಾರ, ಆದರೆ ತಮ್ಮ ಪ್ರಶ್ನೆ ದಿನಾಂಕದೊಂದಿಗೆ ಕಡತದಲ್ಲಿ ಉಳಿಯುತ್ತದೆ.

ತಾವು ಕಳಿಸಿದ ಕರಡನ್ನು ನಾನೂ ಗಟ್ಟಿಯಾಗಿ ಓದಿದೆ. ಆರನೇ ನಿಯಮದಲ್ಲಿ ತಡವರಿಸಿದೆ. ಆಕ್ಷೇಪಣೆಗೆ ಇನ್ನೂ ಹನ್ನೆರಡು ದಿನಗಳಿದ್ದುದರಿಂದ ನಿನ್ನೆಯೇ ನನ್ನ ಆಕ್ಷೇಪಣೆಯನ್ನು ಕನ್ನಡದಲ್ಲಿ ಬರೆದು, ಶಿರಸಿಯ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಅದು ತಮ್ಮ ಮೇಜಿಗೇ ಬರಬಹುದು. ಬಂದರೆ, ಪರಿಚಯದ ದಾಕ್ಷಿಣ್ಯ ನೋಡದೆ ಪರಿಶೀಲಿಸಬೇಕೆಂದು ವಿನಂತಿ.

— ಸಂಪಾದಕ