ತುತ್ತತುದಿಯ ದಕ್ಷತೆಯೋ, ಬ್ಯಾಂಡ್ ಉದ್ದಕ್ಕೂ ದಕ್ಷತೆಯೋ?

ಪ್ರಶ್ನೆ: 28 ವೋಲ್ಟ್‌ನಲ್ಲಿ ಕೆಲಸ ಮಾಡುವ 10 ವ್ಯಾಟ್ ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರ್ ಬಳಸಿ ಕ್ಲಾಸ್ ಎಫ್ (ಹಾರ್ಮೋನಿಕ್‌ಗಳನ್ನು ಹತೋಟಿಯಲ್ಲಿಟ್ಟು ದಕ್ಷತೆ ಏರಿಸುವ ಬಗೆ) ಪವರ್ ಆಂಪ್ಲಿಫೈಯರ್ ವಿನ್ಯಾಸ ಮಾಡಿದ್ದೇನೆ. 2 ಗಿಗಾಹರ್ಟ್ಸ್‌ನಲ್ಲಿ ಡ್ರೇನ್ ದಕ್ಷತೆ (ಸರಬರಾಜಾದ ಡಿಸಿ ಶಕ್ತಿಯಲ್ಲಿ ಔಟ್‌ಪುಟ್ ಆಗುವ ಪಾಲು) 75% ದಾಟುತ್ತದೆ. ಆದರೆ 1.8ಕ್ಕೆ ಇಳಿಸಿದರೂ 2.2ಕ್ಕೆ ಏರಿಸಿದರೂ 50% ಉಳಿಯುವುದಿಲ್ಲ. ನನಗೆ ಬೇಕಿರುವುದು 1.5ರಿಂದ 2.5 ಗಿಗಾಹರ್ಟ್ಸ್. ಔಟ್‌ಪುಟ್ ಮ್ಯಾಚಿಂಗ್‌ಗೆ (ಟ್ರಾನ್ಸಿಸ್ಟರ್‌ಗೆ ಬೇಕಾದ ಲೋಡನ್ನು 50 ಓಮ್‌ಗೆ ಹೊಂದಿಸುವ ಜಾಲ) ಇನ್ನೆರಡು ಸೆಕ್ಷನ್ ಸೇರಿಸಿದರೆ ಸಾಕೇ? ಮುಂದೆ ಇದರ ಮೂಲಕ ಒಎಫ್‌ಡಿಎಂ (ಅನೇಕ ವಾಹಕಗಳಲ್ಲಿ ಒಟ್ಟಿಗೆ ಡೇಟಾ ಸಾಗಿಸುವ, ಶಕ್ತಿ ಸದಾ ಏರಿಳಿಯುವ) ಸಿಗ್ನಲ್ ಕಳಿಸುವ ಯೋಚನೆ ಇದೆ.

ಉತ್ತರ: ಸಾಲದು. ಏಕೆಂದರೆ ತೊಂದರೆ ಇರುವುದು ನೀವು ಹುಡುಕುತ್ತಿರುವ ಜಾಗದಲ್ಲಲ್ಲ.

ಒಂದು ಸಣ್ಣ ಲೆಕ್ಕ ಹಾಕಿ. ನೀ (knee) ವೋಲ್ಟೇಜ್, ಅಂದರೆ ಡ್ರೇನ್ ವೋಲ್ಟೇಜ್ ಇಳಿಯಬಹುದಾದ ಕನಿಷ್ಠ ಮಟ್ಟ, 3 ವೋಲ್ಟ್ ಎಂದುಕೊಂಡರೆ ಡ್ರೇನ್‌ಗೆ ಬೇಕಾದ ಲೋಡ್ 25ರ (28ರಿಂದ 3 ಕಳೆದದ್ದು) ವರ್ಗವನ್ನು 20ರಿಂದ (10 ವ್ಯಾಟ್‌ನ ಎರಡು ಪಟ್ಟು) ಭಾಗಿಸಿದಷ್ಟು, ಅಂದರೆ ಸುಮಾರು 31 ಓಮ್. ಅಲ್ಲಿಂದ 50 ಓಮ್‌ಗೆ ಹೋಗಲು ಅನುಪಾತ ಬರೀ 1.6. ಒಂದೇ ಎಲ್ ಸೆಕ್ಷನ್‌ನ (ಒಂದು ಇಂಡಕ್ಟರ್, ಒಂದು ಕೆಪಾಸಿಟರ್) ಕ್ಯೂ 0.8 ಕೂಡ ಆಗುವುದಿಲ್ಲ; ಕ್ಯೂ ಹೆಚ್ಚಿದಷ್ಟೂ ಬ್ಯಾಂಡ್ ಕಿರಿದು. ಇಷ್ಟು ಕಡಿಮೆ ಕ್ಯೂ ಇರುವ ಜಾಲ ನಿಮ್ಮ ಬ್ಯಾಂಡನ್ನು ಕಿರಿದು ಮಾಡುವ ಮಾತೇ ಇಲ್ಲ. ಎಲ್ಲರೂ ಹೆದರುವ ಬೋಡೆ-ಫ್ಯಾನೊ ಮಿತಿಯೂ (ಕೆಪಾಸಿಟೆನ್ಸ್ ಇರುವ ಲೋಡನ್ನು ಎಷ್ಟು ಅಗಲಕ್ಕೆ ಮ್ಯಾಚ್ ಮಾಡಬಹುದು ಎಂಬ ಸೈದ್ಧಾಂತಿಕ ಗಡಿ) ಇಲ್ಲಿ ಅಡ್ಡ ಬರುವುದಿಲ್ಲ. 31 ಓಮ್‌ಗೆ ಟ್ರಾನ್ಸಿಸ್ಟರ್‌ನದೇ ಸುಮಾರು 1.1 ಪೈಕೋಫ್ಯಾರಡ್ ಸಮಾನಾಂತರವಾಗಿದ್ದಾಗ 1 ಗಿಗಾಹರ್ಟ್ಸ್ ಅಗಲವನ್ನು ಅದು ಧಾರಾಳವಾಗಿ ಬಿಟ್ಟುಕೊಡುತ್ತದೆ. (ಇದೇ 28 ವೋಲ್ಟ್‌ನಲ್ಲಿ 100 ವ್ಯಾಟ್ ಬೇಕಾಗಿದ್ದರೆ ಕತೆಯೇ ಬೇರೆ. ಲೋಡ್ 3.1 ಓಮ್‌ಗೆ ಇಳಿಯುತ್ತದೆ, ಅನುಪಾತ 16 ಆಗುತ್ತದೆ, ಒಂಟಿ ಸೆಕ್ಷನ್‌ನ ಕ್ಯೂ 3.9ಕ್ಕೆ ಏರುತ್ತದೆ. ಅಲ್ಲಿ ಎರಡು ಸೆಕ್ಷನ್ ಹಾಕಿದರೆ ಒಂದೊಂದರ ಕ್ಯೂ 1.7. ನಷ್ಟ ಹೆಚ್ಚುಕಡಿಮೆ ಕ್ಯೂಗಳ ಮೊತ್ತವನ್ನು ಅನುಸರಿಸುವುದರಿಂದ, ಸೆಕ್ಷನ್ ಹೆಚ್ಚಿದಷ್ಟೂ ನಷ್ಟ ಹೆಚ್ಚು ಎಂಬ ಮಾತನ್ನು ಪೂರ್ತಿ ನಂಬಬೇಡಿ.)

ನಿಮ್ಮ ದಕ್ಷತೆಯನ್ನು ತಿನ್ನುತ್ತಿರುವುದು ಎರಡನೇ ಹಾರ್ಮೋನಿಕ್, ಅಂದರೆ ಸಿಗ್ನಲ್‌ನ (ಮೂಲ ಆವರ್ತನದ) ಎರಡು ಪಟ್ಟು ಆವರ್ತನದ ಅಂಶ. ಟ್ರಾನ್ಸಿಸ್ಟರ್‌ನ ಒಳಗಿನ ಕರೆಂಟ್ ಮೂಲದ ಬಳಿ ಎರಡನೇ ಹಾರ್ಮೋನಿಕ್‌ಗೆ ಶಾರ್ಟ್, ಮೂರನೆಯದಕ್ಕೆ ಓಪನ್ ಸಿಗಬೇಕು ಎಂಬುದು ಕ್ಲಾಸ್ ಎಫ್‌ನ ಹಟ. 4 ಗಿಗಾಹರ್ಟ್ಸ್‌ಗೆ ಶಾರ್ಟ್ ಆಗುವಂತೆ ನೀವು ಕತ್ತರಿಸಿದ ಸ್ಟಬ್ (ಲೈನ್‌ನ ಪಕ್ಕಕ್ಕೆ ಜೋಡಿಸಿದ ತುಂಡು ಲೈನ್), ಸಿಗ್ನಲ್ 1.8ಕ್ಕೆ ಬಂದಾಗ 3.6ರಲ್ಲಿ ಶಾರ್ಟ್ ಆಗಿರುವುದಿಲ್ಲ. ಮೂಲ ಆವರ್ತನ 200 ಮೆಗಾಹರ್ಟ್ಸ್ ಸರಿದರೆ ಹಾರ್ಮೋನಿಕ್ 400 ಸರಿಯುತ್ತದೆ. ಲೋಡ್‌ಪುಲ್ ಮಾಡಿ (ಲೋಡ್ ಬದಲಿಸುತ್ತಾ ಅಳೆದು) ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಎರಡನೇ ಹಾರ್ಮೋನಿಕ್‌ನ ಫೇಸ್ ತಿರುಗಿಸುತ್ತಾ ಹೋದಂತೆ ಬಹಳ ದೂರದವರೆಗೆ ದಕ್ಷತೆ ಹೆಚ್ಚು ಬದಲಾಗುವುದಿಲ್ಲ, ಆಮೇಲೆ ಕಿರಿದಾದ ಒಂದು ವಲಯದಲ್ಲಿ ಧಡಕ್ಕನೆ ಬೀಳುತ್ತದೆ. ಆ ಗುಂಡಿಯನ್ನು ಬ್ಯಾಂಡ್‌ನ ಹೊರಗೆ ಇಟ್ಟುಕೊಳ್ಳುವುದೇ ವಿನ್ಯಾಸದ ಅರ್ಧ ಕೆಲಸ.

ನಿಮ್ಮ ಬ್ಯಾಂಡ್‌ನ ಹಾರ್ಮೋನಿಕ್‌ಗಳು 3ರಿಂದ 5 ಗಿಗಾಹರ್ಟ್ಸ್‌ನಲ್ಲಿ ಬೀಳುತ್ತವೆ. 2.5ಕ್ಕೂ 3ಕ್ಕೂ ನಡುವೆ ಅರ್ಧ ಗಿಗಾಹರ್ಟ್ಸ್ ಜಾಗ ಉಳಿದಿರುವುದು ನಿಮ್ಮ ಪುಣ್ಯ. ಕೆಳಗಿನ ಅಂಚು 1.25 ಆಗಿದ್ದರೆ ಒಂದೇ ಆವರ್ತನ ಒಮ್ಮೆ ಸಿಗ್ನಲ್, ಇನ್ನೊಮ್ಮೆ ಹಾರ್ಮೋನಿಕ್; ಅಲ್ಲಿ ಒಂಟಿ ಟ್ರಾನ್ಸಿಸ್ಟರ್‌ನಿಂದ ಹಾರ್ಮೋನಿಕ್ ಪಳಗಿಸುವ ಆಸೆ ಬಿಟ್ಟು ಎರಡು ಟ್ರಾನ್ಸಿಸ್ಟರ್ ಸರದಿಯಲ್ಲಿ ದುಡಿಯುವ ಪುಷ್-ಪುಲ್ ಕಡೆಗೆ ಹೋಗಬೇಕಾಗುತ್ತಿತ್ತು.

ಹಾಗಾಗಿ ನನ್ನ ಸಲಹೆ: ಕ್ಲಾಸ್ ಎಫ್ ಬಿಡಿ, ಪವರ್ ಆಂಪ್ಲಿಫೈಯರ್ ತಜ್ಞ ಸ್ಟೀವ್ ಕ್ರಿಪ್ಸ್ ಮುಂದಿಟ್ಟ ಕ್ಲಾಸ್ ಜೆ ಹಿಡಿಯಿರಿ. ಅದರಲ್ಲಿ ಎರಡನೇ ಹಾರ್ಮೋನಿಕ್‌ಗೆ ಶಾರ್ಟ್ ಬೇಕಿಲ್ಲ, ಕೆಪಾಸಿಟಿವ್ ರಿಯಾಕ್ಟೆನ್ಸ್ ಸಾಕು. ಅದಕ್ಕೆ ಪ್ರತಿಯಾಗಿ ಮೂಲ ಆವರ್ತನದ ಲೋಡ್‌ಗೆ ಇಂಡಕ್ಟಿವ್ ಭಾಗ ಸೇರಿಸುತ್ತೀರಿ. ಕಾಗದದ ಮೇಲೆ ದಕ್ಷತೆ ಕ್ಲಾಸ್ ಬಿಯಷ್ಟೇ (ಅರ್ಧ ಆವರ್ತ ಮಾತ್ರ ಕರೆಂಟ್ ಹರಿಯುವ ಹಳೆಯ ಬಗೆ), 78.5%. ಲೆಕ್ಕದ ಪ್ರಕಾರ ಎರಡನೇ ಹಾರ್ಮೋನಿಕ್‌ಗೆ ಬೇಕಾಗುವ ರಿಯಾಕ್ಟೆನ್ಸ್ ಲೋಡ್‌ನ 1.18 ಪಟ್ಟು, ಅಂದರೆ ನಿಮಗೆ ಸುಮಾರು 37 ಓಮ್. 4 ಗಿಗಾಹರ್ಟ್ಸ್‌ನಲ್ಲಿ ಅದು 1.1 ಪೈಕೋಫ್ಯಾರಡ್. 10 ವ್ಯಾಟ್ ದರ್ಜೆಯ ಇಂಥ ಸಾಧನದ ಡ್ರೇನ್-ಸೋರ್ಸ್ ಕೆಪಾಸಿಟೆನ್ಸ್ ಕೂಡ ಸುಮಾರಾಗಿ ಅಷ್ಟೇ ಇರುತ್ತದೆ. ಇಷ್ಟು ದಿನ ನೀವು ಹೋರಾಡುತ್ತಿದ್ದ ಕೆಪಾಸಿಟರ್ ಇಲ್ಲಿ ನಿಮ್ಮ ಪರವಾಗಿ ದುಡಿಯುತ್ತದೆ.

ಇದಕ್ಕೂ ಬೆಲೆ ತೆರಬೇಕು. ಡ್ರೇನ್ ವೋಲ್ಟೇಜ್ ಸರಬರಾಜಿನ 2.9 ಪಟ್ಟು ಏರುತ್ತದೆ. 28 ವೋಲ್ಟ್‌ಗೆ 82ರ ಆಸುಪಾಸು. ಸಾಧನದ ಬ್ರೇಕ್‌ಡೌನ್ ಮಿತಿ ಪರಿಶೀಲಿಸಿ. ಇನ್ನೊಂದು ತೊಡಕು: ಆವರ್ತನ ಏರಿದಂತೆ ಮೂಲ ಆವರ್ತನದ ಲೋಡ್ ಮತ್ತು ಹಾರ್ಮೋನಿಕ್ ಲೋಡ್ ಎರಡರಲ್ಲಿ ಒಂದು ಸ್ಮಿತ್ ಚಾರ್ಟ್‌ನಲ್ಲಿ (ಇಂಪೀಡೆನ್ಸ್ ಗುರುತಿಸುವ ವೃತ್ತಾಕಾರದ ನಕ್ಷೆ) ಸಹಜಕ್ಕೆ ವಿರುದ್ಧ ದಿಕ್ಕಿನ ಹಾದಿ ಹಿಡಿಯಬೇಕು ಎನ್ನುತ್ತದೆ ಸಿದ್ಧಾಂತ, ಪ್ಯಾಸಿವ್ ಜಾಲ ಹಾಗೆ ನಡೆಯದು. ಆದ್ದರಿಂದ ಬ್ಯಾಂಡ್ ಉದ್ದಕ್ಕೂ 78% ಕನಸು ಬೇಡ. 2009ರಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದ ತಂಡ ಕ್ಲಾಸ್ ಜೆ ವಿಧಾನದಲ್ಲಿ 1.35ರಿಂದ 2.25 ಗಿಗಾಹರ್ಟ್ಸ್‌ವರೆಗೆ 60–70% ತೋರಿಸಿತ್ತು. ಮಧ್ಯ ಆವರ್ತನಕ್ಕೆ ಹೋಲಿಸಿದರೆ ನಿಮ್ಮ ಗುರಿಯೂ ಅದೇ ಅಗಲದ್ದು, 50%. ಅಂಚುಗಳಲ್ಲಿ 60% ಸಿಕ್ಕರೆ ಒಳ್ಳೆಯ ವಿನ್ಯಾಸವೇ.

ಇನ್ನು ಒಎಫ್‌ಡಿಎಂ. ಇದನ್ನು ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಿ, ನಾನಾದರೆ ಮೊದಲು ಬರೆಯುತ್ತಿದ್ದೆ. ಸರಾಸರಿ ಶಕ್ತಿ ಗರಿಷ್ಠಕ್ಕಿಂತ 8 ಡೆಸಿಬೆಲ್ ಕೆಳಗಿದ್ದರೆ ಆದರ್ಶ ಕ್ಲಾಸ್ ಬಿ ಕೂಡ 31% ಮಾತ್ರ ಕೊಡುತ್ತದೆ. 75% ಎಂಬ ಸಂಖ್ಯೆ ಆಗ ಅಲಂಕಾರಕ್ಕಷ್ಟೇ. ಪರಿಹಾರವಾಗಿ ಡೊಹರ್ಟಿ (ಮುಖ್ಯ ಆಂಪ್ಲಿಫೈಯರ್‌ಗೆ ಇನ್ನೊಂದು ಗರಿಷ್ಠ ಶಕ್ತಿಯ ಹೊತ್ತಿಗೆ ನೆರವಾಗುವ ಜೋಡಿ) ಇದೆ, 1936ರಿಂದಲೂ. ಆದರೆ 6 ಡೆಸಿಬೆಲ್ ಕೆಳಗೆ ಅದರ ಕಾಲು ತರಂಗದ ಲೈನ್ 25 ಓಮನ್ನು 100ಕ್ಕೆ ಏರಿಸಬೇಕು. ಪೂರ್ಣ ಶಕ್ತಿಯಲ್ಲಿ ಅದು 50ರಿಂದ 50ಕ್ಕೆ ಸುಮ್ಮನೆ ದಾಟಿಸುತ್ತದೆ. ಎಲ್ಲಿ ದಕ್ಷತೆ ಬೇಕೋ ಅಲ್ಲೇ ಬ್ಯಾಂಡ್ ಕಿರಿದಾಗುತ್ತದೆ. ನಿಮ್ಮ 50% ಅಗಲಕ್ಕೆ ಸಾದಾ ಡೊಹರ್ಟಿ ಒಗ್ಗದು. ಎನ್ವಲಪ್ ಟ್ರ್ಯಾಕಿಂಗ್‌ನಲ್ಲಿ (ಸಿಗ್ನಲ್‌ನ ಏರಿಳಿತಕ್ಕೆ ತಕ್ಕಂತೆ ಸರಬರಾಜು ವೋಲ್ಟೇಜ್ ಬದಲಿಸುವುದು) ಆರ್‌ಎಫ್ ಬ್ಯಾಂಡ್ ಅಗಲವಾಗಿಯೇ ಉಳಿಯುತ್ತದೆ, ಆದರೆ ಸಿಗ್ನಲ್‌ನ ಮಾಡ್ಯುಲೇಷನ್ ಅಗಲಕ್ಕೆ ಸಪ್ಲೈ ಮಾಡ್ಯುಲೇಟರ್ ತಕ್ಕಂತೆ ಓಡಬೇಕು. 20 ಮೆಗಾಹರ್ಟ್ಸ್ ಸಿಗ್ನಲ್ ಆದರೆ ನಾನು ಎರಡನೆಯ ದಾರಿ ಹಿಡಿಯುತ್ತೇನೆ. ನೂರಾರು ಮೆಗಾಹರ್ಟ್ಸ್ ಆದರೆ ಬ್ಯಾಂಡನ್ನು ಒಡೆದು ಎರಡು ಡೊಹರ್ಟಿ ಮಾಡುತ್ತೇನೆ.

ಸದ್ಯಕ್ಕೆ 1.5, 2 ಮತ್ತು 2.5 ಗಿಗಾಹರ್ಟ್ಸ್‌ನಲ್ಲಿ ಪ್ಯಾಕೇಜ್‌ನ ಇಂಡಕ್ಟೆನ್ಸ್ ಕಳೆದು, ಕರೆಂಟ್ ಮೂಲದ ಬಳಿಯ ಲೋಡ್ ಎಷ್ಟಿದೆ ಎಂದು ಗುರುತಿಸಿ. ದಕ್ಷತೆಯ ಜೊತೆ ಗೇನ್ ಕೂಡ ಬರೆದಿಟ್ಟುಕೊಳ್ಳಿ: ಗೇನ್ 10 ಡೆಸಿಬೆಲ್‌ಗೆ ಇಳಿದರೆ 70% ಡ್ರೇನ್ ದಕ್ಷತೆ, ಇನ್‌ಪುಟ್ ಶಕ್ತಿ ಕಳೆದ ಮೇಲೆ 63% ಆಗುತ್ತದೆ. ಸ್ಟಬ್ ಕತ್ತರಿಸುವುದು ಅದರ ನಂತರ.