ಗಂಗಾವತಿ ಅಕ್ಕಾರ ಡಿಎಸ್ ಪ್ರಶ್ನೆಗೆ: ಮೊದ್ಲು ಒಂದೇ ಒಂದು ಮಿರ್ಚಿ ಕರೀಲಿ

ಅಕ್ಕಾರ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿನೇ ನೋಡಿದೆ. ಅಂಗಡಿ ಶಟರ್ ಎಳೆಯೋ ಹೊತ್ತಾಗಿತ್ತು, ಎರಡು ಸಾಲಿನಾಗ ಮುಗಿಯೋ ಉತ್ತರನೂ ಅಲ್ಲ, ಅದಕ್ಕೇ ಇವತ್ತು ಕುಂತು ಬರೀತಿದೀನಿ. ಉದ್ದ ಆಗ್ತೈತಿ, ಬೇಸರ ಮಾಡ್ಕೋಬ್ಯಾಡ್ರಿ.

ತಡವಾಗಿ ನೋಡೋರಿಗೆ ಒಂದು ಮಾತು. ಇವರ ತಮ್ಮ ಅಮೆರಿಕದಿಂದ ಬರುವಾಗ ತನ್ನ ಹಳೇ ನಿಂಟೆಂಡೊ ಡಿಎಸ್ ಲೈಟ್ (ಕೈಯಾಗ ಹಿಡಿದು ಆಡೋ ವಿಡಿಯೊ ಗೇಮ್ ಡಬ್ಬಿ) ತಂದು ಅಕ್ಕನ ಮಗಳಿಗೆ ಕೊಟ್ಟಾನ. ಜೊತೆಗೆ ಒಂದೇ ಕಾರ್ಟ್ರಿಜ್ (ಆಟ ತುಂಬಿದ ಸಣ್ಣ ಬಿಲ್ಲೆ), ವಾರಿಯೋವೇರ್ ಡಿ.ಐ.ವೈ. ಐದನೇತ್ತಿನ ಹುಡುಗಿ. ಎರಡು ದಿನ ಅದರಾಗಿನ ಆಟ ಆಡಿದ್ಲು, ಮೂರನೇ ದಿನದಿಂದ 'ನಂದೇ ಆಟ ಮಾಡ್ತೀನಿ, ಟಿಬಿ (ತುಂಗಭದ್ರಾ) ಡ್ಯಾಂ ಆಟ, 33 ಗೇಟೂ ಬೇಕು' ಅಂತ ಹಟ. ಎಂಟು ದಿನ ಆಯ್ತು, ಒಂದೂ ಮುಗಿದಿಲ್ಲ, ಸಿಟ್ಟಿಗೆದ್ದು ಅಳ್ತಾಳ. ಇಟ್ಕೋಬೇಕೋ, ಮಾರಿ ಮೊಬೈಲ್‌ನಾಗ ಬೇರೆ ಏನಾರ ಹಾಕ್ಕೊಡಬೇಕೋ ಅನ್ನೋದು ಪ್ರಶ್ನೆ. ಕೆಳಗೆ ಒಬ್ರು 'ಹಳೇ ಡಬ್ಬಿ, ಮಾರಿಬಿಡ್ರಿ' ಅಂದಾರ. ಮಾರಬ್ಯಾಡ್ರಿ. ಈ ಆಟ ಜಪಾನ್‌ನಾಗ 2009ರಾಗ, ಅಮೆರಿಕದಾಗ 2010ರಾಗ ಬಂತು. ವಯಸ್ಸಾಗೈತಿ ನಿಜ. ಆದ್ರ ಹತ್ತು ವರ್ಷದ ಮಗುಗೆ 'ಹಿಂಗಾದ್ರ ಹಂಗ ಆಗ್ಲಿ' ಅನ್ನೋ ಲೆಕ್ಕ ಕಲಿಸೋದ್ರಾಗ ಇದರಷ್ಟು ಚಂದ ನಾನು ಇನ್ನೊಂದು ನೋಡಿಲ್ಲ.

ಆಟದ ಮಾತಿಗಿಂತ ಮೊದ್ಲು ಚಾರ್ಜರ್. ಅಮೆರಿಕದ ಡಿಎಸ್ ಲೈಟ್ ಜೊತೆ ಬರೋ ಅಡಾಪ್ಟರ್ 120 ವೋಲ್ಟಿಂದು. ನಮ್ಮದು 230. ಚಪ್ಪಟೆ ಪಿನ್ನಿಗೆ ಹತ್ತು ರೂಪಾಯಿ ಕನ್ವರ್ಟರ್ ಹಾಕಿ ಚುಚ್ಚಿದ್ರ ಪಿನ್ ಕೂಡ್ತೈತಿ, ವೋಲ್ಟೇಜ್ ಇಳಿಯಂಗಿಲ್ಲ. ದಿನಾ ಮೊಬೈಲ್ ರಿಪೇರಿ ಮಾಡೋ ನಾನೇ ಒಮ್ಮೆ ಹಿಂಗ ಚುಚ್ಚಿ, ಅಂಗಡಿ ತುಂಬ ಸುಟ್ಟ ವಾಸನೆ ಮಾಡ್ಕೊಂಡು, ಪಕ್ಕದ ಟೈಲರ್ ಓಡಿ ಬಂದಿದ್ದ. ಅಡಾಪ್ಟರ್ ಹಿಂದ ಸಣ್ಣ ಅಕ್ಷರದಾಗ ಇನ್‌ಪುಟ್ ಅಂತ ಬರೆದಿರ್ತೈತಿ, ಅಲ್ಲಿ 100ರಿಂದ 240 ಅಂತ ಇಲ್ಲಂದ್ರ ಅದನ್ನ ಬೀರುದಾಗ ಇಟ್ಟುಬಿಡ್ರಿ. ಡಿಎಸ್ ಲೈಟ್‌ಗೆ ಅಂತ ಯುಎಸ್‌ಬಿ ಕೇಬಲ್ ಸಿಗ್ತೈತಿ, ಅದನ್ನ ಸಾದಾ ಮೊಬೈಲ್ ಚಾರ್ಜರ್‌ಗೆ ಹಾಕಿದ್ರ ಸಾಕು. ಕೇಳುವಾಗ 'ಡಿಎಸ್ ಲೈಟ್' ಅಂತಲೇ ಕೇಳ್ರಿ. ಮೊದಲನೇ ಡಿಎಸ್‌ದು ಬೇರೆ, ಡಿಎಸ್‌ಐ ಮತ್ತು 3ಡಿಎಸ್‌ದು ಇನ್ನೂ ಬೇರೆ, ಒಂದಕ್ಕೊಂದು ಕೂಡಂಗಿಲ್ಲ. ಇನ್ನೊಂದು, ನಮ್ಮ ಕಡೆ ಬ್ಯಾಸಿಗಿ ನಿಮಗೆ ಗೊತ್ತೈತಿ. ಬೈಕ್ ಡಿಕ್ಕಿಯಾಗ, ಬಿಸಿಲಿಗೆ ನಿಂತ ಕಾರಿನಾಗ ಇದನ್ನ ಬಿಟ್ಟು ಹೋಗಬ್ಯಾಡ್ರಿ, ಬ್ಯಾಟರಿ ಊದಿಕೊಂಡ್ರ ಹಿಂದಿನ ಮುಚ್ಚಳನೇ ಎದ್ದು ಬರ್ತೈತಿ.

ಈಗ ಆಟಕ್ಕೆ ಬರೋಣು.

ವಾರಿಯೋವೇರ್ ಆಟಗಳ ಮೂಲ ಗುಣ ಅಂದ್ರ ಪ್ರತಿ ಆಟನೂ ಕೆಲವೇ ಸೆಕೆಂಡು. ಪರದೆ ಮ್ಯಾಲೆ ಒಂದು ಮಾತು ಬರ್ತೈತಿ, 'ಹಿಡಿ', 'ತಪ್ಪಿಸ್ಕೋ' ಅನ್ನೋ ಥರ. ಅಷ್ಟರಾಗ ತಿಳ್ಕೊಂಡು ಮಾಡಬೇಕು, ಇಲ್ಲಂದ್ರ ಸೋತಂಗ. ಡಿ.ಐ.ವೈ.ನಾಗ ಆ ಪುಟ್ಟ ಆಟಗಳನ್ನ ನಾವೇ ಕಟ್ಟಬಹುದು. ಹಿನ್ನೆಲೆ ಚಿತ್ರ ಬರೀಬೇಕು, ಅದರ ಮ್ಯಾಲೆ ಓಡಾಡೋ ವಸ್ತುಗಳನ್ನ ಬರೀಬೇಕು, ಒಂದೊಂದು ವಸ್ತುಗೂ ಏನು ಮಾಡಬೇಕಂತ ಹೇಳಿಕೊಡಬೇಕು, ಕೊನೀಗೆ ಸಂಗೀತ. ಆ ಹೇಳಿಕೊಡೋದಕ್ಕೆ ಆಟದಾಗ ಎಐ ಅಂತಾರ. ಈಗ ಎಲ್ಲಾರ ಬಾಯಾಗಿರೋ ಎಐ ಅಲ್ಲ ಅದು, ಬರೇ ಸೂಚನೆಗಳ ಪಟ್ಟಿ.

ಮಿತಿಗಳನ್ನ ಮಗಳಿಗೆ ಮೊದಲೇ ಹೇಳಿಬಿಡ್ರಿ, ಅವಳ ಅಳುವಿನ ಬೇರು ಅಲ್ಲೇ ಐತಿ. ಪರದೆ ಅಗಲಕ್ಕೆ 192 ಚುಕ್ಕಿ, ಎತ್ತರಕ್ಕೆ 128. ಒಂದು ಆಟದಾಗ ವಸ್ತು 15 ದಾಟಂಗಿಲ್ಲ. ಒಂದು ವಸ್ತುಗೆ ಸೂಚನೆ 5 ಸಾಲು ಅಷ್ಟೇ. ಆಡೋರು ಮಾಡಬಹುದಾದ ಕೆಲಸ ಒಂದೇ, ಡಿಎಸ್ ಜೊತೆ ಬರೋ ಕಡ್ಡೀಲೆ (ಸ್ಟೈಲಸ್) ಪರದೆ ಮುಟ್ಟೋದು. ಎಳೆಯೋದಿಲ್ಲ, ಬಟನ್ ಇಲ್ಲ. ಅಂದ ಮ್ಯಾಲೆ 33 ಗೇಟನ್ನ 33 ವಸ್ತು ಮಾಡ್ತೀನಂದ್ರ ಹದಿನಾರನೇದಕ್ಕೇ ನಿಂತು ಹೋಗ್ತೈತಿ. ಅವಳ ತಪ್ಪಲ್ಲ ಅದು.

ಡ್ಯಾಂ ಬಗ್ಗೆ ಆಮ್ಯಾಲೆ ಹೇಳ್ತೀನಿ. ಮೊದ್ಲು ಅವಳ ಕೈಲೆ ಒಂದು ಮಿರ್ಚಿ ಕರಿಸ್ರಿ. ನನ್ನ ಅಕ್ಕನ ಮಗ ಪೂರ್ತಿ ಮುಗಿಸಿದ ಮೊದಲನೇ ಆಟ ಅದೇ. ಸಂಜೀಗೆ ಒಗ್ಗರಣೆ ಮಿರ್ಚಿ ತರಾಕ ಹೋಗಿ ಬಾಂಡ್ಲಿ ಮುಂದ ನಿಂತಾಗ ಹೊಳೆದಿದ್ದು. ಹಸಿ ಇದ್ದಾಗ ತೆಗೆದ್ರೂ ಕೆಟ್ತು, ಹೊತ್ತಾದ್ರೂ ಕೆಟ್ತು, ನಡುವಿನ ಒಂದು ಗಳಿಗೀಗೆ ಎತ್ತಬೇಕು. ಇದಕ್ಕಿಂತ ಚಲೋ ಐದು ಸೆಕೆಂಡಿನ ಆಟ ಎಲ್ಲೈತ್ರಿ?

ಹಿನ್ನೆಲೆಗೆ ಒಲೆ, ಬಾಂಡ್ಲಿ, ಎಣ್ಣಿ, ಬಾಜೂಕ ಒಂದು ತಟ್ಟಿ. ವಸ್ತು ಒಂದೇ, ಮಿರ್ಚಿ. ಒಂದು ವಸ್ತುಗೆ ನಾಕು ಚಿತ್ರ ಇಡಾಕ ಬರ್ತೈತಿ: ಬಿಳಿ ಹಿಟ್ಟಿನ ಹಸಿ ಮಿರ್ಚಿ, ಕೆಂಪಗ ಆಗಿದ್ದು, ಕರಕಲಾಗಿದ್ದು, ಎತ್ತಿದ ಮ್ಯಾಲಿನ ಹಬೆ ಆಡೋ ಮಿರ್ಚಿ. ಪ್ರತಿ ವಸ್ತುಗೂ ಒಂದು ಸ್ವಿಚ್ ಇರ್ತೈತಿ, ಮನೀ ಲೈಟಿನ ಸ್ವಿಚ್ ಇದ್ದಂಗ, ಆನ್ ಇಲ್ಲಾ ಆಫ್. 'ಈಗ ಎತ್ತಬಹುದು' ಅನ್ನೋದನ್ನ ಆ ಸ್ವಿಚ್‌ನಾಗ ನೆನಪಿಡೋಣು.

ಸೂಚನೆ ಬರೆಯಾಕ ಕುಂತಾಗ ಡಿಎಸ್ ಮುಚ್ಚಿಡ್ರಿ. ಒಂದು ಹಾಳೀ ಮ್ಯಾಲೆ ಅವಳೇ ಕನ್ನಡದಾಗ ಬರೀಲಿ. ನಮ್ಮ ಹುಡುಗ ಬರೆದಿದ್ದು ಹಿಂಗಿತ್ತು: 'ಹೊತ್ತು ಬಂದ್ರ, ಕೆಂಪ ಚಿತ್ರ ಆಗ್ಲಿ, ಸ್ವಿಚ್ ಆನ್ ಆಗ್ಲಿ. ಇನ್ನೂ ಹೊತ್ತಾದ್ರ, ಕರಕಲ ಚಿತ್ರ ಆಗ್ಲಿ, ಸ್ವಿಚ್ ಆಫ್ ಆಗ್ಲಿ. ಸ್ವಿಚ್ ಆನ್ ಇದ್ದಾಗ ಮುಟ್ಟಿದ್ರ, ಹಬೆ ಆಡೋ ಚಿತ್ರ ಆಗ್ಲಿ, ತಟ್ಟೀಗೆ ಹೋಗ್ಲಿ, ಗೆದ್ದೆ.' ಮೂರೇ ಸಾಲು. ಆಟದಾಗಿನ ಮೆನು ಇಂಗ್ಲಿಷ್ ಅಂತ ನೀವು ಅಂಜಿದ್ರಲ್ಲ, ಈ ಹಾಳಿ ಕೈಯಾಗಿದ್ರ ಇಂಗ್ಲಿಷ್ ತಡೆಯಾಗಂಗಿಲ್ಲ. 'ಇದ್ರ', 'ಆದ್ರ' ಅನ್ನೋ ಅರ್ಧ ಟ್ರಿಗರ್, 'ಆಗ್ಲಿ' ಅನ್ನೋ ಅರ್ಧ ಆ್ಯಕ್ಷನ್. ಆ ಎರಡು ಪದ, ಅದರ ಜೊತೆ ಟ್ಯಾಪ್, ಟೈಮ್, ಸ್ವಿಚ್, ಆರ್ಟ್, ವಿನ್ ಗೊತ್ತಾದ್ರ ಮುಗೀತು.

ಹೊತ್ತನ್ನ ಎರಡು ಥರ ಇಡಬಹುದು, ಇಂಥಾ ಗಳಿಗೀಗೇ ಅಂತ ಗಟ್ಟಿ ಮಾಡಿ, ಇಲ್ಲಾ ಇಷ್ಟರಿಂದ ಇಷ್ಟರೊಳಗ ಯಾವಾಗಾದ್ರೂ ಅಂತ. ಕೆಂಪಗ ಆಗೋ ಹೊತ್ತನ್ನ ಎರಡನೇ ಥರ ಇಡ್ರಿ. ಗಟ್ಟಿ ಮಾಡಿದ್ರ ಎರಡನೇ ಸಲಕ್ಕೇ ಬಾಯಿಪಾಠ ಆಗಿ ಆಟ ಸಪ್ಪ ಆಗ್ತೈತಿ.

ಹುಡುಗ ಇಷ್ಟು ಮಾಡಿ ಕುಣಿದಾಡಿದ. ನಾನು ಕಡ್ಡಿ ತಗೊಂಡು ನೋಡದೇನೇ ಟಕಟಕ ಬಡಿದೆ, ಪ್ರತಿ ಸಲ ಗೆದ್ದೆ. ಅವನ ಮಾರಿ ಸಣ್ಣದಾತು. ಹಸಿ ಇದ್ದಾಗ ಮುಟ್ಟಿದ್ರ ಏನಾಗಬೇಕಂತ ಹೇಳೇ ಇರಲಿಲ್ಲಲ್ಲ. ನಾಕನೇ ಸಾಲು ಹಾಕಿದ: ಸ್ವಿಚ್ ಆಫ್ ಇದ್ದಾಗ ಮುಟ್ಟಿದ್ರ ಸೋತೆ. ಈಗ ಇನ್ನೊಂದು ಫಜೀತಿ. ಗೆದ್ದು ತಟ್ಟೀಗೆ ಬಂದ ಮಿರ್ಚಿ, ಹೊತ್ತಾದ ಕೂಡ್ಲೇ ತಟ್ಟ್ಯಾಗೇ ಕರಕಲಾತು! ಮನೀ ಮಂದಿಯೆಲ್ಲ ನಕ್ಕು ನಕ್ಕು ಸಾಕಾದ್ವಿ. ಗಡಿಯಾರಕ್ಕೇನು ಗೊತ್ತು ಮಿರ್ಚಿ ಎತ್ತಿ ಆಗೈತಂತ? ಕರಕಲಾಗೋ ಸಾಲಿಗೆ 'ಇನ್ನೂ ಗೆದ್ದಿಲ್ಲ' ಅನ್ನೋ ಇನ್ನೊಂದು ಷರತ್ತು ಸೇರಿಸಬೇಕು. ಒಂದೇ ಸಾಲಿಗೆ ಎರಡು ಮೂರು ಷರತ್ತು ಕೂಡಿಸಬಹುದು, ಎಲ್ಲಾ ಕೂಡಿದಾಗ ಮಾತ್ರ ಅದು ನಡೀತೈತಿ. ಸೋಲೋ ಸಾಲಿಗೂ ಅದನ್ನೇ ಸೇರಿಸಿದ್ರ ಒಳ್ಳೇದು. ಇನ್ನೂ ಒಂದು ಸಂದಿ ಉಳಿದೈತಿ, ಹಸಿ ಇದ್ದಾಗ ಮುಟ್ಟಿ ಸೋತಾದ ಮ್ಯಾಲೆ ಮಿರ್ಚಿ ಕೆಂಪಗ ಆದ್ರ ಏನು ಅಂತ. ಅದನ್ನ ನಾನು ಹೇಳಂಗಿಲ್ಲ, ನಿಮ್ಮ ಮಗಳು ಹುಡುಕಲಿ. ಹೇಳಿಕೊಡಾಕ ನಿಮಗೆ ಕೈ ತುರಿಸ್ತೈತಿ, ತಡ್ಕೊಳ್ರಿ ಅಕ್ಕಾರ.

ಇದು ಮುಗಿದ ಮ್ಯಾಲೆ ಡ್ಯಾಂ. 2024ರ ಆಗಸ್ಟ್‌ನಾಗ 19ನೇ ಗೇಟಿನ ಚೈನ್ ಹರಿದು ಗೇಟ್ ಕೊಚ್ಚಿ ಹೋಗಿದ್ದು, ಹರಿಯೋ ನೀರಾಗೇ ನೀರು ತಡೆಯೋ ಉಕ್ಕಿನ ಹಲಗಿ, ಅಂದ್ರ ಸ್ಟಾಪ್‌ಲಾಗ್ ಇಳಿಸಿದ್ದು, ಅಚ್ಚುಕಟ್ಟಿನ ಮಂದಿಗೆಲ್ಲ ನೆನಪೈತಿ. ಆ ವಾರ ನಮ್ಮಲ್ಲಿ ಯಾರಿಗೂ ನಿದ್ದಿ ಇರಲಿಲ್ಲ. ನಿಮ್ಮ ಮಗಳಿಗೆ ಬೇಕಾಗಿದ್ದೂ ಇದೇ ಇರಬೇಕು. ಹಂಗಿದ್ರ 33 ಗೇಟಿನ ಗೊಡವೆ ಯಾಕ? 32 ಗೇಟ್ ಹಿನ್ನೆಲೆ ಚಿತ್ರದಾಗೇ ಬರೀಲಿ, ಅವು ಅಲುಗಾಡೋದಿಲ್ಲ, ವಸ್ತುವಿನ ಲೆಕ್ಕಕ್ಕೂ ಬರಂಗಿಲ್ಲ. 19ರ ಜಾಗ ಖಾಲಿ ಬಿಟ್ಟು ಅಲ್ಲಿ ನೀರು ಒಂದು ವಸ್ತು. ಮ್ಯಾಲೆ ಎಡಕ್ಕೂ ಬಲಕ್ಕೂ ತೂಗೋ ಸ್ಟಾಪ್‌ಲಾಗ್ ಇನ್ನೊಂದು ವಸ್ತು. ಮುಟ್ಟಿದ್ರ ಅದು ಕೆಳಗ ಇಳೀಬೇಕು, ನೀರಿಗೆ ತಾಗಿದ್ರ ಗೆದ್ದಂಗ. ಒಂದಕ್ಕೊಂದು ತಾಗಿತಾ ಅಂತ ನೋಡೋ ಷರತ್ತು ಪಟ್ಟ್ಯಾಗ ಐತಿ. ಎರಡೇ ವಸ್ತುವಿನಾಗ ಡ್ಯಾಂ ಆಟ ಆತು ನೋಡ್ರಿ. ಅಗಲಕ್ಕೆ 192 ಚುಕ್ಕ್ಯಾಗ 33 ಗೇಟ್ ಅಂದ್ರ ಒಂದಕ್ಕೆ ಆರು ಚುಕ್ಕೀನೂ ಸಿಗಂಗಿಲ್ಲ, ಆಡೋರ ಕಣ್ಣಿಗೆ ಬಾಚಣಿಕೆ ಕಂಡಂಗ ಕಾಣ್ತೈತಿ. ಏಳೆಂಟು ದೊಡ್ಡದಾಗಿ ಬರೆದು ನಡುವಿನದಕ್ಕೆ 19 ಅಂತ ನಂಬರ್ ಹಾಕು ಅಂತ ನಾನಾದ್ರ ಹೇಳ್ತೀನಿ. ಒಪ್ಪಂಗಿಲ್ಲ ಅಂದ್ರ ಬಿಡ್ರಿ, ಬಾಚಣಿಕೆನೇ ಬರೀಲಿ.

ಆಟದೊಳಗ ಕಲಿಸೋ ಜಾಗ ಒಂದೈತಿ, ಅಸೆಂಬ್ಲಿ ಡೋಜೊ ಅಂತ.  ಮಾತು ಭಾಳ, ಎಲ್ಲಾ ಇಂಗ್ಲಿಷ್. ಮೊದಲನೇ ಪಾಠ ನೀವು ಬಾಜೂಕ ಕುಂತು ಮುಗಿಸ್ರಿ. ಅದಕ್ಕಿಂತ ನನಗೆ ಚಲೋ ಅನ್ನಿಸಿದ್ದು ಜಾಬ್ ಸೆಂಟರ್. ಅರ್ಧ ಆದ ಆಟ ಕೊಟ್ಟು ಉಳಿದಿದ್ದು ಮುಗಿಸು ಅಂತಾರ. ಒಂದನ್ನೂ ಮುಗಿಸಾಕ ಆಗವಲ್ದು ಅಂತ ಅಳೋ ಮಗುಗೆ ಅದೇ ಮದ್ದು.

ಕನ್ನಡ ಬರ್ತೈತಾ ಅಂತ ಕೇಳಿದ್ರಿ. ಕೀಲಿಮಣ್ಯಾಗ ಇಲ್ಲ. ಆಟದ ಶುರುವಿನ ಆ ಒಂದು ಮಾತನ್ನ ಇಂಗ್ಲಿಷ್ ಅಕ್ಷರದಾಗೇ 'ಎತ್ತು' ಅಂತ ಟೈಪ್ ಮಾಡಬೇಕು. ಆದ್ರ ಹಿನ್ನೆಲೆ ಬರೆಯೋ ಹಾಳಿ ನಿಮ್ಮದೇ ಅಲ್ಲೇನು? ಕಡ್ಡೀಲೆ ಕನ್ನಡ ಅಕ್ಷರ ಬರೀಬಹುದು, ಚುಕ್ಕಿ ರಂಗೋಲಿ ಹಾಕೋ ಕೈಗೆ ಇದು ಏನೂ ಕಷ್ಟ ಅಲ್ಲ. ನಮ್ಮ ಅನುಭವ ಏನಂದ್ರ, ಒತ್ತಕ್ಷರ ಇರೋ ಪದಕ್ಕೆ ಹದಿನಾರು ಚುಕ್ಕಿ ಎತ್ತರ ಬೇಕು, ಅದಕ್ಕಿಂತ ಸಣ್ಣದಾದ್ರ 'ಎತ್ತು' ಅನ್ನೋದು 'ಎತು' ಆಗ್ತೈತಿ. ನಾಕು ಚೌಕದ ಕಪ್ಪು ಬಿಳುಪು ಕಾಮಿಕ್ ಬರೆಯೋದೂ ಅದರಾಗೈತಿ, ಅಲ್ಲಿ ಇಡೀ ಮಾತುಕತೆ ಕನ್ನಡದಾಗೇ ಬರೀಲಿ. ಮುಟ್ಟಿದ್ದು ಒಂದು ಕಡೆ, ಚುಕ್ಕಿ ಬಿದ್ದಿದ್ದು ಒಂದು ಕಡೆ ಆದ್ರ ಡಿಎಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಟಚ್ ಸ್ಕ್ರೀನ್ ಸರಿ ಮಾಡ್ಕೊಳ್ರಿ. ಇದು ಒತ್ತಿದ್ರ ಕೆಲಸ ಮಾಡೋ ಪರದೆ, ಮೊಬೈಲ್ ಥರದ್ದಲ್ಲ. ಬಾಲ್‌ಪೆನ್ ಮಾತ್ರ ಹಚ್ಚಗೊಡಬ್ಯಾಡ್ರಿ.

ಸಂಗೀತಕ್ಕೆ ಮೈಕ್‌ನಾಗ ಗುನುಗಿದ್ರ ಅದೇ ಸ್ವರ ಹಾಕ್ಕೊಡ್ತೈತಿ, ಆದ್ರ ಫ್ಯಾನ್ ಸದ್ದು ಕೇಳಿದ್ರ ತಲೆಬುಡ ಇಲ್ದಂಗ ಬರ್ತೈತಿ. ಕರೆಂಟ್ ಹೋದಾಗ ಗುನುಗಿಸ್ರಿ. ನಮ್ಮಲ್ಲಿ ಅದಕ್ಕೇನು ಬರ ಇಲ್ಲ.

ಬೇರೆಯವರು ಮಾಡಿದ ಆಟ ನೆಟ್‌ನಿಂದ ಇಳಿಸ್ಕೋಬಹುದಾ ಅಂತ ಇನ್ನೊಬ್ಬರು ಕೇಳಿದ್ರು. ಇಲ್ರಿ. ಡಿಎಸ್‌ನ ಆನ್‌ಲೈನ್ ಸೇವೆ 2014ರ ಮೇ 20ಕ್ಕೆ ನಿಂತುಹೋತು. ಆಜೂಬಾಜೂ ಇಟ್ಟ ಎರಡು ಡಿಎಸ್ ನಡುವೆ ಕಳಿಸೋದು ಈಗಲೂ ನಡೀತೈತಿ, ಎರಡೂ ಕಡೆ ಈ ಆಟ ಇದ್ರ. ಇದನ್ನ ಓದಿ ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದ್ರ ಒಂದು ಪರೀಕ್ಷೆ ಮಾಡ್ರಿ: ದುಡ್ಡು ಕೊಡೋಕಿಂತ ಮೊದ್ಲು ಅಲ್ಲೇ ಒಂದು ಗೆರೆ ಎಳೆದು ಸೇವ್ ಮಾಡಿ, ಆಫ್ ಮಾಡಿ, ಮತ್ತ ಹಚ್ಚಿ ನೋಡ್ರಿ. ಇದರ ಕಾರ್ಟ್ರಿಜ್‌ನಾಗ ಆಟಗಳನ್ನ ಇಡಾಕ ಬೇರೆ ಥರದ ದೊಡ್ಡ ಮೆಮೊರಿ ಐತಿ, ನಕಲಿ ಕಾರ್ಟ್ರಿಜ್ ಆದ್ರ ಮಾಡಿದ್ದೆಲ್ಲ ನೀರಾಗ ಹೋಮ.

ಮೊಬೈಲ್ ವಿಚಾರ. ಮುಂದ ಯಾವಾಗಾದ್ರೂ ಮನೀಗೆ ಲ್ಯಾಪ್‌ಟಾಪ್ ಬಂದ್ರ ಸ್ಕ್ರ್ಯಾಚ್ (ಮಕ್ಕಳೇ ಆಟ ಕಟ್ಟೋ ಸಾಫ್ಟ್‌ವೇರ್) ಹಾಕ್ಕೊಡ್ರಿ, ಪುಕ್ಕಟೆ, ನೆಟ್ ಇಲ್ಲದೇನೂ ನಡೀತೈತಿ, ಇಲ್ಲಿ ಕಲಿತ 'ಇದ್ರ', 'ಆಗ್ಲಿ' ಅಲ್ಲೂ ಹಂಗೇ ಉಪಯೋಗಕ್ಕೆ ಬರ್ತೈತಿ. ಈಗಲೇ ಮೊಬೈಲ್ ಕೊಟ್ರ ಆಟ ಮಾಡೋದು ಬಿಟ್ಟು ವಿಡಿಯೊ ನೋಡ್ಕೋತ ಕುಂಡರ್ತಾಳ. ನಮ್ಮನ್ಯಾಗ ಅದೂ ಆಗೈತಿ.

ನನ್ನ ಹತ್ರ ಡಿಎಸ್ ಲೈಟ್‌ದು ಒಂದು ಯುಎಸ್‌ಬಿ ಕೇಬಲ್ ಹೆಚ್ಚಿಗಿ ಬಿದ್ದೈತಿ. ಸಿಂಧನೂರು ಕಡೆ ಬಂದ್ರ ಅಂಗಡೀಗೆ ಬಂದು ತಗೊಂಡು ಹೋಗ್ರಿ, ರೊಕ್ಕ ಬ್ಯಾಡ. ಬರೋಕಿಂತ ಮೊದ್ಲು ಚಾರ್ಜರ್ ತೂತಿನ ಫೋಟೊ ಒಂದು ಇಲ್ಲೇ ಹಾಕ್ರಿ, ಲೈಟೇ ಹೌದೋ ಅಲ್ಲೋ ನೋಡಿ ಹೇಳ್ತೀನಿ.