ಪುಲಿಕೇಶಿಯ ಎಲೆಗೆ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ: ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಸೊಸೈಟಿಯ ಕನ್ನಡ ಮನೆಗಳ ಮಕ್ಕಳು ಪೋಕೆಮಾನ್ ಕಾರ್ಡುಗಳನ್ನು ನೋಡಿ, ಕರ್ನಾಟಕದ ಅರಸರ ಹೆಸರಿನಲ್ಲಿ ತಮ್ಮದೇ ಆಟವೊಂದನ್ನು ಕಟ್ಟಿದ್ದಾರೆ. ಒಬ್ಬೊಬ್ಬರಿಗೂ 40 ಎಲೆಗಳ ಡೆಕ್ (ಆಡುವ ಕಟ್ಟು). ಮೊದಲು ಕೈಗೆ 7 ಎಲೆ, ಆಮೇಲೆ ಸರದಿಗೊಂದು. ಇಮ್ಮಡಿ ಪುಲಿಕೇಶಿಯ ಎಲೆ ಅತ್ಯಂತ ಬಲಶಾಲಿಯಾದ್ದರಿಂದ ಅದನ್ನು ಒಂದೇ ಪ್ರತಿ ಮಾಡಿದ್ದಾರೆ. ಆದರೂ ಅದು ಕೈಗೆ ಬಂದವನೇ ಗೆಲ್ಲುತ್ತಾನೆ. ಅದರ ಬಲವನ್ನು ತಗ್ಗಿಸಬೇಕೇ? ಎಲೆಗಳನ್ನು ಮುಚ್ಚಿದ ಪೊಟ್ಟಣಗಳಲ್ಲಿ ಹಂಚಿದರೆ ಹೇಗೆ?

ಉತ್ತರ: ಬಲವನ್ನು ತಗ್ಗಿಸಬೇಡಿ, ಅದಕ್ಕೆ ಬೆಲೆ ಕಟ್ಟಿ. ಮಕ್ಕಳು ವಿರಳತೆಯನ್ನೇ ಬೆಲೆಯೆಂದು ಭಾವಿಸಿದ್ದಾರೆ. ಈ ಬಗೆಯ ಆಟಗಳ ಮೂಲಪುರುಷನೆನಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಕೂಡ ಆರಂಭದಲ್ಲಿ ಹಾಗೆಯೇ ನಡೆದುಕೊಂಡಿತ್ತು. ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಆ ಆಟ 1993ರಲ್ಲಿ ಬಂದಾಗ, ಒಂದೇ ಎಲೆಯ ಎಷ್ಟು ಪ್ರತಿಗಳನ್ನಾದರೂ ಡೆಕ್ಕಿನಲ್ಲಿ ಇಟ್ಟುಕೊಳ್ಳಬಹುದಿತ್ತು. ಏನನ್ನೂ ತೆರದೆ ಮೂರು ಮಾನಾ (ಎಲೆ ಇಳಿಸಲು ತೆರಬೇಕಾದ ಶಕ್ತಿ) ಕೊಡುವ ‘ಬ್ಲ್ಯಾಕ್ ಲೋಟಸ್’ನಂಥ ಎಲೆಗೆ ಅದು ಅಪರೂಪವೆಂಬುದೇ ಕಡಿವಾಣವಾಗಿತ್ತು. ಜನ ಪೊಟ್ಟಣಗಳನ್ನು ರಾಶಿಗಟ್ಟಲೆ ಕೊಂಡರು, ಕಡಿವಾಣ ಹರಿಯಿತು. ಆ ಬಳಿಕ ಒಂದು ಎಲೆಗೆ ನಾಲ್ಕೇ ಪ್ರತಿ, ಡೆಕ್ಕಿಗೆ ಕನಿಷ್ಠ 60 ಎಲೆ ಎಂಬ ನಿಯಮ ನೆಲೆಯೂರಿತು, ಬ್ಲ್ಯಾಕ್ ಲೋಟಸ್ ಬಹುಪಾಲು ಸ್ಪರ್ಧೆಗಳಿಂದ ಹೊರಬಿದ್ದಿತು.

ನಿಮ್ಮ ಆಟದ ಲೆಕ್ಕವನ್ನೇ ನೋಡೋಣ. 40ರಲ್ಲಿ ಒಂದೇ ಇರುವ ಎಲೆ ಆರಂಭದ 7ರಲ್ಲಿ ಬರುವ ಸಂಭವ ಶೇ 17.5, ಇನ್ನೂ 7 ಎಲೆ ಎಳೆದ ಮೇಲೆ ಅದು ಶೇ 35. ಅಂದರೆ ಒಬ್ಬ ಆಟಗಾರನಿಗೆ ಮೂರರಲ್ಲಿ ಸುಮಾರು ಒಂದು ಆಟದಲ್ಲಿ ಅಷ್ಟರೊಳಗೆ ಆ ಎಲೆ ಸಿಕ್ಕಿರುತ್ತದೆ, ಉಳಿದೆರಡರಲ್ಲಿ ಅದು ಇದ್ದೂ ಇಲ್ಲದಂತೆ. ಅನ್ಯಾಯ ಇದರಿಂದ ಕಡಿಮೆಯಾಗುವುದಿಲ್ಲ, ಆಗೊಮ್ಮೆ ಈಗೊಮ್ಮೆ ಆಗುತ್ತದೆ ಅಷ್ಟೆ.

ಬೆಲೆ ಎಂದರೆ, ಆ ಎಲೆಯನ್ನು ಇಳಿಸಲು ಆಟಗಾರ ಬಿಟ್ಟುಕೊಡಬೇಕಾದದ್ದು. ಮ್ಯಾಜಿಕ್‌ನಲ್ಲಿ ಸರದಿಗೊಂದರಂತೆ ‘ಲ್ಯಾಂಡ್’ ಎಲೆಗಳನ್ನು ಹಾಕಿ ಅವುಗಳಿಂದ ಮಾನಾ ಪಡೆಯಬೇಕು. ಲ್ಯಾಂಡ್ ಸಾಲದೆ ಬಂದರೆ ಕೈತುಂಬ ಎಲೆಯಿದ್ದರೂ ಸುಮ್ಮನೆ ಕೂರಬೇಕಾಗುತ್ತದೆ, ಹೊಸಬರಿಗೆ ಇದು ಬಹಳ ಬೇಸರದ ಸಂಗತಿ. ಪೋಕೆಮಾನ್‌ನಲ್ಲಿ ಈ ಕೆಲಸ ಎನರ್ಜಿ ಎಲೆಗಳದ್ದು. 2014ರ ‘ಹಾರ್ತ್‌ಸ್ಟೋನ್’ ಎಂಬ ಡಿಜಿಟಲ್ ಆಟ ಮಾನಾದ ವಿಷಯದಲ್ಲಿ ಅದೃಷ್ಟವನ್ನೇ ತೆಗೆದುಹಾಕಿ, ಸರದಿಗೊಂದರಂತೆ ಹತ್ತರವರೆಗೆ ಮಾನಾವನ್ನು ತಾನೇ ಕೊಡುತ್ತದೆ. ‘ಯು-ಗಿ-ಓ’ದಲ್ಲಿ ಇಂಥ ಖಜಾನೆಯೇ ಇಲ್ಲ, ದೊಡ್ಡ ಜೀವಿಯನ್ನು ಕರೆಯಲು ಈಗಾಗಲೇ ಕಣದಲ್ಲಿರುವ ಸಣ್ಣವನ್ನು ಬಲಿಕೊಡುವುದು ಅಲ್ಲಿನ ಮೂಲಕ್ರಮ.

ನಿಮ್ಮ ಮಕ್ಕಳಿಗೆ ನಾನು ಸೂಚಿಸುವುದು ‘ಡ್ಯುಯೆಲ್ ಮಾಸ್ಟರ್ಸ್’ ಆಟದ ಕ್ರಮಕ್ಕೆ ಹತ್ತಿರವಾದ ದಾರಿ: ಪ್ರತಿ ಸರದಿಯಲ್ಲೂ ಕೈಯಲ್ಲಿರುವ ಯಾವುದಾದರೂ ಒಂದು ಎಲೆಯನ್ನು ಕವುಚಿಟ್ಟು ಬೊಕ್ಕಸಕ್ಕೆ ಸೇರಿಸಬಹುದು, ಅಲ್ಲಿ ಎಷ್ಟು ಎಲೆಗಳಿವೆಯೋ ಒಟ್ಟು ಅಷ್ಟು ಬೆಲೆಯ ಎಲೆಗಳನ್ನು ಇಳಿಸಬಹುದು. ಪುಲಿಕೇಶಿಗೆ 7, ಸಾಮಾನ್ಯ ಕಾಲಾಳಿಗೆ 2 ಎಂದಿಟ್ಟರೆ, ಎರಡನೇ ಸರದಿಯಲ್ಲೇ ಚಕ್ರವರ್ತಿ ಕೈಗೆ ಬಂದ ಹುಡುಗಿ ಅವನನ್ನು ಕಾದಿಟ್ಟುಕೊಳ್ಳಬೇಕೋ ಬೊಕ್ಕಸಕ್ಕೆ ಹಾಕಿ ಈಗಲೇ ಕಾಲಾಳನ್ನು ಇಳಿಸಬೇಕೋ ಎಂದು ನಿಜವಾಗಿಯೂ ಯೋಚಿಸಬೇಕಾಗುತ್ತದೆ.

ಬೆಲೆಯ ಜೊತೆಗೆ ಮಾರುತ್ತರವೂ ಬೇಕು. ಅದನ್ನು ಇತಿಹಾಸವೇ ಒದಗಿಸಿದೆ. ನರ್ಮದೆಯಲ್ಲಿ ಹರ್ಷನನ್ನು ತಡೆದ ಪುಲಿಕೇಶಿಯನ್ನು 642ರ ಸುಮಾರಿಗೆ ಸೋಲಿಸಿ ಬಾದಾಮಿಯನ್ನು ಹಿಡಿದವನು ಪಲ್ಲವ ನರಸಿಂಹವರ್ಮ. ಕನ್ನಡದ ಅರಸನಲ್ಲವೆಂದು ಅವನನ್ನು ಹೊರಗಿಟ್ಟಿದ್ದರೆ ಒಳಕ್ಕೆ ಕರೆದುಕೊಳ್ಳಿ. 5 ಬೆಲೆಯ, ‘ಎದುರಾಳಿಯ ಅತ್ಯಂತ ಬಲಶಾಲಿ ಎಲೆಯನ್ನು ಕಣದಿಂದ ತೆಗೆ’ ಎನ್ನುವ ಎಲೆ ಅವನದಾಗಲಿ. ಮೊದಲು ಆಡುವವನ ಅನುಕೂಲವನ್ನೂ ಕುಗ್ಗಿಸಬೇಕು. ಮ್ಯಾಜಿಕ್‌ನಲ್ಲಿ ಇಬ್ಬರೇ ಆಡುವಾಗ ಅವನು ಮೊದಲ ಸರದಿಯಲ್ಲಿ ಎಲೆ ಎಳೆಯುವುದಿಲ್ಲ, ನಿಮಗೂ ಅಷ್ಟು ಸಾಕು.

ಪೊಟ್ಟಣಗಳನ್ನು ಮಾರುವುದು ಬೇಡ. ಹೆಚ್ಚು ಕಾಸಿರುವ ಮಗುವಿನ ಡೆಕ್ಕೇ ಬಲವಾಗುತ್ತದೆ. ಹಂಚುವುದಾದರೆ ಡ್ರಾಫ್ಟ್ ಆಡಿಸಿ: ಎಲ್ಲರೂ ಸುತ್ತ ಕುಳಿತು, ತಮ್ಮ ಪೊಟ್ಟಣದಿಂದ ಒಂದು ಎಲೆ ಆರಿಸಿಕೊಂಡು, ಉಳಿದವನ್ನು ಪಕ್ಕದವರಿಗೆ ದಾಟಿಸುತ್ತ ಹೋಗುವುದು. ಆಟ ಮುಗಿದ ಮೇಲೆ ಎಲೆಗಳೆಲ್ಲ ಮರಳಿ ಒಂದೇ ಡಬ್ಬಿಗೆ.

ಅಬ್ದುಲ್ ರೆಹಮಾನ್ ಸ್ಟ್ರೀಟಿಗೆ ಹೋಗಿ ದಪ್ಪ ಕಾಗದ ತಂದು ಮುದ್ರಿಸುವ ಅವಸರವೂ ಬೇಡ. ಹಳೆಯ ಇಸ್ಪೀಟಿನ ಎಲೆಗಳನ್ನು ಪ್ಲಾಸ್ಟಿಕ್ ಕವಚಗಳಲ್ಲಿಟ್ಟು, ಅವುಗಳ ಮುಂದೆ ಪೆನ್ಸಿಲಿನಲ್ಲಿ ಬರೆದ ಚೀಟಿಗಳನ್ನು ಸೇರಿಸಿ ಆಡಿ ನೋಡಿ. ಪುಲಿಕೇಶಿ ಇಳಿದ ಮೇಲೂ ಎದುರಾಳಿಗೆ ಗೆಲ್ಲುವ ದಾರಿ ಸಿಗುತ್ತಿಲ್ಲವಾದರೆ 7ನ್ನು ಅಳಿಸಿ 8 ಮಾಡಿ, ಆ ಒಂದು ಅಂಕಿಯನ್ನು ಬಿಟ್ಟು ಬೇರೇನನ್ನೂ ಮುಟ್ಟದೆ ಮತ್ತೆ ಆಡಿಸಿ.